ಶಸ್ತ್ರಚಿಕಿತ್ಸೆಗೆ ಹನ್ನೊಂದು ದಿನ ಉಳಿದಿದೆ, ಸತ್ತುಹೋಗುತ್ತೇನೆಂಬ ಭಯ ಬಿಡುತ್ತಿಲ್ಲ

ಬೆಳಗಿನ ಹಾದಿ (ರಾತ್ರಿ 1:40)

ನನಗೆ 43 ವರ್ಷ. ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ, ಅಂದರೆ ಜಠರದ ಬಹುಭಾಗವನ್ನು ಕತ್ತರಿಸಿ ತೆಗೆಯುವ ಸ್ಲೀವ್ ಗ್ಯಾಸ್ಟ್ರೆಕ್ಟಮಿಗೆ, ದಿನ ಗೊತ್ತಾಗಿದೆ. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 46 ಇದೆ, ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ, ಮಲಗಿದಾಗ ಉಸಿರು ಕಟ್ಟುವ ಸ್ಲೀಪ್ ಅಪ್ನಿಯಾ ಕೂಡ ಇದೆ. ಇದು ಅವಸರದಲ್ಲಿ ತೆಗೆದುಕೊಂಡ ನಿರ್ಧಾರವಲ್ಲ. ಎರಡು ವರ್ಷ ಓದಿ, ವೈದ್ಯರನ್ನು ಮೂರು ಸಲ ಕಂಡು, ಮನೆಯವರನ್ನೆಲ್ಲ ಒಪ್ಪಿಸಿದ ಮೇಲೆ ದಿನ ಗೊತ್ತುಮಾಡಿಕೊಂಡೆ. ಆ ದಿನ ಗೊತ್ತಾದ ರಾತ್ರಿಯಿಂದ ನಿದ್ರೆಯಿಲ್ಲ.

ಹಗಲು ಹೇಗೋ ಕಳೆದುಹೋಗುತ್ತದೆ. ರಾತ್ರಿ ಒಂದು ಗಂಟೆಯ ಹೊತ್ತಿಗೆ ಎಚ್ಚರವಾದರೆ, ನಾನಿಲ್ಲದ ಮನೆ ಕಣ್ಣಮುಂದೆ ಬಂದು ನಿಲ್ಲುತ್ತದೆ. ಮಕ್ಕಳಿಬ್ಬರಿಗೆ ಹದಿಮೂರು ಮತ್ತು ಒಂಬತ್ತು ವರ್ಷ. ಇಬ್ಬರಿಗೂ ಒಂದೊಂದು ಪತ್ರ ಬರೆದು ಬೀರುವಿನ ಕೆಳಖಾನೆಯಲ್ಲಿ ಇಟ್ಟಿದ್ದೇನೆ. ನಿನ್ನೆ ಚಿಕ್ಕವಳು, "ಅಮ್ಮಾ, ನೀನು ಆಸ್ಪತ್ರೆಯಿಂದ ಯಾವತ್ತು ಬರ್ತೀಯ?" ಎಂದು ಕೇಳಿದಾಗ "ಮೂರು ದಿನಕ್ಕೆ" ಎನ್ನಲು ನನ್ನ ಬಾಯಿಯೇ ಏಳಲಿಲ್ಲ, ಏಕೆಂದರೆ ಅದು ಸುಳ್ಳಾಗಬಹುದೆಂದು ಅನ್ನಿಸಿತು.

ಯಾರಿಗೆ ಹೇಳಿದರೂ "ಏನೂ ಆಗಲ್ಲ, ಧೈರ್ಯವಾಗಿರು" ಎನ್ನುತ್ತಾರೆ. ಆ ಮಾತು ಕೇಳಿದ ಮೇಲೆ ಇನ್ನಷ್ಟು ಒಂಟಿಯಾದಂತೆ ಆಗುತ್ತದೆ. ನನ್ನ ತಂದೆ ಒಂದು ಆಪರೇಷನ್ ಆದ ಐದನೆಯ ದಿನ ತೀರಿಕೊಂಡಿದ್ದರು. ಅದು ಹಳೆಯ ಮಾತು. ಆದರೆ ಈ ಭಯವನ್ನು ಹೇಗೆ ಹೊತ್ತುಕೊಂಡು ಆ ಬಾಗಿಲವರೆಗೆ ನಡೆಯುವುದು ಎಂಬುದನ್ನು, ನಡೆದು ಬಂದವರು ದಯವಿಟ್ಟು ಹೇಳಿ.

ನಿಧಾನದ ನಡಿಗೆ (ಬೆಳಿಗ್ಗೆ 6:15)

ನಾನು ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮೂರು ವರ್ಷಗಳಾದವು. ನೀವು ಬರೆದ ರಾತ್ರಿಗಳನ್ನು ನಾನೂ ಕಂಡಿದ್ದೇನೆ, ಹಾಗಾಗಿ "ಏನೂ ಆಗಲ್ಲ" ಎಂದು ನಾನು ಬರೆಯುವುದಿಲ್ಲ. ಹಾಗೆ ಭರವಸೆ ಕೊಡುವ ಅಧಿಕಾರ ಯಾರಿಗೂ ಇಲ್ಲ, ಅದು ನಿಮ್ಮ ಮನಸ್ಸಿಗೂ ಗೊತ್ತು. ಅದಕ್ಕಾಗಿಯೇ ಆ ಮಾತು ನಿಮಗೆ ನಾಟುತ್ತಿಲ್ಲ.

ನನ್ನನ್ನು ಸ್ವಲ್ಪ ಮಟ್ಟಿಗೆ ನೆಲದ ಮೇಲೆ ನಿಲ್ಲಿಸಿದ್ದು ಅಂಕಿಅಂಶಗಳು. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆಯಲ್ಲಿ, ಸುಮಾರು 36 ಲಕ್ಷ ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಶಸ್ತ್ರಚಿಕಿತ್ಸೆಯ ಆಸುಪಾಸಿನ ಸಾವಿನ ಪ್ರಮಾಣ ಶೇ 0.08 ಎಂದು ಕಂಡುಬಂದಿತು. ಅಂದರೆ ಹತ್ತು ಸಾವಿರ ಜನರಲ್ಲಿ ಎಂಟು ಮಂದಿ. ಮನಸ್ಸು ಆ ಎಂಟರಲ್ಲಿ ತಾನೂ ಒಬ್ಬನೆಂದು ಹಟ ಹಿಡಿಯುತ್ತದೆ, ನನ್ನದೂ ಹಿಡಿದಿತ್ತು. ಆಗ ನನ್ನ ವೈದ್ಯರು ಹೇಳಿದ್ದು ಇಷ್ಟು: "ನೀವು ತಕ್ಕಡಿಯ ಒಂದೇ ತಟ್ಟೆ ನೋಡುತ್ತಿದ್ದೀರಿ. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳದೆ ಹೀಗೇ ಇದ್ದರೆ ನಿಮಗೆ ಅಪಾಯವೇ ಇಲ್ಲವೆಂದು ಯಾರು ಹೇಳಿದರು?"

ಆ ಇನ್ನೊಂದು ತಟ್ಟೆಯ ಲೆಕ್ಕವೂ ಇದೆ. ಅದೇ 2021ರಲ್ಲಿ ಪ್ರಕಟವಾದ ಮತ್ತೊಂದು ವಿಶ್ಲೇಷಣೆ ಸುಮಾರು 1.75 ಲಕ್ಷ ಜನರನ್ನು ಹೋಲಿಸಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಆಯುಸ್ಸು ಮಾಡಿಸಿಕೊಳ್ಳದವರಿಗಿಂತ ಸರಾಸರಿ 6.1 ವರ್ಷ, ಸಕ್ಕರೆ ಕಾಯಿಲೆ ಇದ್ದವರಲ್ಲಿ 9.3 ವರ್ಷ ಹೆಚ್ಚೆಂದು ಅಂದಾಜಿಸಿತು. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾಗಿ ದಶಕಗಳ ಕಾಲ ನಡೆದ ಅಧ್ಯಯನದ ಲೆಕ್ಕ ಇಷ್ಟು ಉದಾರವಾಗಿಲ್ಲ. ಅಲ್ಲಿ ಸಿಕ್ಕದ್ದು ಸುಮಾರು ಮೂರು ವರ್ಷ, ಮತ್ತು ಶಸ್ತ್ರಚಿಕಿತ್ಸೆಯ ನಂತರವೂ ಅವರ ಆಯುಸ್ಸು ಸಾಮಾನ್ಯ ಜನರಷ್ಟು ಆಗಲಿಲ್ಲ. ಎರಡನ್ನೂ ಬರೆಯುತ್ತಿದ್ದೇನೆ, ಏಕೆಂದರೆ ನಿಮಗೆ ಬೇಕಾಗಿರುವುದು ಸಮಾಧಾನದ ಮಾತಲ್ಲ, ನಂಬಬಹುದಾದ ಮಾತು.

ತಂಗಿಯ ಅಣ್ಣ (ಬೆಳಿಗ್ಗೆ 9:05)

ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದೆ. ಇದೇ ಶಸ್ತ್ರಚಿಕಿತ್ಸೆಯ ನಂತರ ನಾನು ನನ್ನ ತಂಗಿಯನ್ನು ಕಳೆದುಕೊಂಡೆ. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಮೇಲಿನ ಅಂಕಿಗಳು ಸುಳ್ಳೆಂದೂ ನಾನು ಹೇಳುವುದಿಲ್ಲ, ಆದರೆ ಆ ಎಂಟು ಜನರಲ್ಲಿ ಒಬ್ಬಳ ಹೆಸರು ನನಗೆ ಗೊತ್ತು.

ಅವಳು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಸಾಯಲಿಲ್ಲ. ನಗುತ್ತ ಮನೆಗೆ ಬಂದಳು. ಬಂದ ಎರಡನೆಯ ದಿನ ಎಡ ಭುಜ ನೋಯುತ್ತಿದೆ ಎಂದಳು, ಮೈ ಬಿಸಿಯಾಗಿತ್ತು, ಎದೆ ಡವಡವ ಎನ್ನುತ್ತಿದೆ ಎಂದು ನನ್ನ ಕೈ ಹಿಡಿದು ತೋರಿಸಿದಳು. ಹೊಟ್ಟೆಗೆ ತುಂಬಿದ್ದ ಗ್ಯಾಸ್ ಇರಬೇಕು, ನಾಳೆಗೆ ಸರಿಹೋಗುತ್ತದೆ ಎಂದು ನಾವೆಲ್ಲ ಸೇರಿ ತೀರ್ಮಾನ ಮಾಡಿಬಿಟ್ಟೆವು. ಹೊಟ್ಟೆಗೆ ಸ್ಟೇಪಲ್ ಹಾಕಿ ಮುಚ್ಚಿದ ಜಾಗದಲ್ಲಿ ಸೋರಿಕೆಯಾಗಿತ್ತು. ಆಸ್ಪತ್ರೆಗೆ ಮರಳಿದಾಗ ಒಂದು ಹಗಲು ಒಂದು ರಾತ್ರಿ ಕಳೆದಿತ್ತು, ಸೋಂಕು ಮೈಯೆಲ್ಲ ಹರಡಿತ್ತು. ಆ ಒಂದು ದಿನವನ್ನು ನಾನು ಇಂದಿಗೂ ಎಣಿಸುತ್ತಿದ್ದೇನೆ.

ಹಾಗಾಗಿ ನನ್ನದು ಒಂದೇ ಕೋರಿಕೆ. ಭಯಪಡಬೇಡಿ ಎಂದು ಹೇಳುವುದಿಲ್ಲ, ಆ ಭಯಕ್ಕೆ ಒಂದು ಕೆಲಸ ಕೊಡಿ. ಮನೆಗೆ ಬಂದ ಮೇಲೆ ವಿಶ್ರಾಂತಿಯಲ್ಲಿದ್ದಾಗಲೂ ನಾಡಿ ನಿಮಿಷಕ್ಕೆ 120 ದಾಟಿದರೆ, ಜ್ವರ ಬಂದರೆ, ಉಸಿರು ಸಾಲದಂತಾದರೆ, ಹೊಟ್ಟೆನೋವು ಇಳಿಯುವ ಬದಲು ಏರುತ್ತಿದ್ದರೆ, ಅದು ಮಧ್ಯರಾತ್ರಿಯಾದರೂ ಸರಿ, ಯಾರನ್ನೂ ಕೇಳದೆ ಆಸ್ಪತ್ರೆಗೆ ಹೊರಡಿ. ಕರೆ ಮಾಡಬೇಕಾದ ನಂಬರನ್ನು ಈಗಲೇ ಪಡೆದು, ಮನೆಯ ಎಲ್ಲರ ಫೋನಿನಲ್ಲೂ ಇಡಿ.

ಹೊಸ ಎಲೆ (ಬೆಳಿಗ್ಗೆ 9:50)

ತಂಗಿಯ ಅಣ್ಣನವರೇ, ನಿಮ್ಮ ನೋವು ಅರ್ಥವಾಗುತ್ತದೆ, ಆದರೆ ಹನ್ನೊಂದು ದಿನ ಉಳಿದಿರುವ, ನಿದ್ರೆಯಿಲ್ಲದ ಹೆಣ್ಣುಮಗಳ ಮುಂದೆ ಈ ಹೊತ್ತಿನಲ್ಲಿ ಇದನ್ನು ಬರೆಯಬಾರದಿತ್ತು ಎಂದು ನನಗನ್ನಿಸುತ್ತದೆ. ಅವರಿಗೆ ಈಗ ಬೇಕಾಗಿರುವುದು ಬಲ.

ಬೆಳಗಿನ ಹಾದಿ (ಬೆಳಿಗ್ಗೆ 10:30)

ಹೊಸ ಎಲೆಯವರೇ, ನಿಮ್ಮ ಕಾಳಜಿಗೆ ಕೃತಜ್ಞಳು. ಆದರೆ ಅವರು ಬರೆದದ್ದನ್ನು ಓದಿದಾಗ, ಇಷ್ಟು ದಿನಗಳಲ್ಲಿ ಮೊದಲ ಸಲ ನನ್ನ ಉಸಿರು ಸ್ವಲ್ಪ ಸಡಿಲವಾಯಿತು. ನಾನು ಕಲ್ಪಿಸಿಕೊಳ್ಳುತ್ತಿದ್ದ ಸಾವಿಗೆ ಕಾರಣವಿರಲಿಲ್ಲ, ಹೊತ್ತಿರಲಿಲ್ಲ, ಅದು ಕತ್ತಲೆಯಂತೆ ಎಲ್ಲ ಕಡೆಯಿಂದ ಬರುತ್ತಿತ್ತು. ಅವರು ಹೇಳಿದ ಸಾವಿಗೆ ಕಾರಣವಿದೆ, ಗುರುತುಗಳಿವೆ, ನಡುವೆ ಮಾಡಬಹುದಾದ ಕೆಲಸವಿದೆ. ಅಣ್ಣಾ, ನಿಮ್ಮ ತಂಗಿಯ ವಿಷಯವನ್ನು ನನ್ನೊಂದಿಗೆ ಹಂಚಿಕೊಂಡದ್ದಕ್ಕೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ನೀವು ಹೇಳಿದ್ದನ್ನು ಕಾಗದದಲ್ಲಿ ಬರೆದುಕೊಂಡಿದ್ದೇನೆ.

ಅರಿವಳಿಕೆ ವಿಭಾಗದವನು (ಮಧ್ಯಾಹ್ನ 2:20)

ನಾನು ಅರಿವಳಿಕೆ ವೈದ್ಯ. ಇಂಥ ಶಸ್ತ್ರಚಿಕಿತ್ಸೆಗಳಲ್ಲಿ ರೋಗಿಯ ತಲೆಯ ಬಳಿ ನಿಲ್ಲುವ ಕೆಲಸ ನನ್ನದು. ನಿಮ್ಮನ್ನು ಪರೀಕ್ಷಿಸದೆ ಚಿಕಿತ್ಸೆಯ ಬಗ್ಗೆ ಏನನ್ನೂ ಹೇಳಲಾರೆ, ಆದರೆ ಆ ಕೋಣೆಯಲ್ಲಿ ಏನು ನಡೆಯುತ್ತದೆಂದು ಹೇಳಬಲ್ಲೆ, ಏಕೆಂದರೆ ಎಚ್ಚರವೇ ಆಗದಿದ್ದರೆ ಎಂಬ ಭಯವನ್ನು ನಾನು ಪ್ರತಿ ವಾರ ರೋಗಿಗಳ ಬಾಯಿಂದ ಕೇಳುತ್ತೇನೆ.

ನಿಮ್ಮನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಮಲಗಿಸುವುದಿಲ್ಲ. ಭುಜ ಮತ್ತು ತಲೆಯ ಕೆಳಗೆ ಒತ್ತುಕೊಟ್ಟು, ಕಿವಿಯ ಮಟ್ಟಕ್ಕೆ ಎದೆಮೂಳೆ ಬರುವ ಹಾಗೆ ಎತ್ತರಿಸಿ, ಮುಖಕ್ಕೆ ಮಾಸ್ಕ್ ಹಿಡಿದು ಕೆಲವು ನಿಮಿಷ ಬರೀ ಆಮ್ಲಜನಕ ಉಸಿರಾಡಿಸುತ್ತೇವೆ. ಭಾರೀ ಮೈಯವರಲ್ಲಿ ಉಸಿರು ನಿಂತಾಗ ರಕ್ತದ ಆಮ್ಲಜನಕ ಬೇಗ ಇಳಿಯುತ್ತದೆ, ಆದ್ದರಿಂದ ಶ್ವಾಸಕೋಶವನ್ನು ಮೊದಲೇ ತುಂಬಿಕೊಳ್ಳುವುದು ಇದರ ಉದ್ದೇಶ. ಆಮೇಲೆ ನಿದ್ರೆ. ನೀವು ನಿದ್ರಿಸುವಷ್ಟು ಹೊತ್ತೂ ಬೆರಳಿನ ತುದಿಯಲ್ಲಿ ಆಮ್ಲಜನಕ ಅಳೆಯುವ ಕ್ಲಿಪ್, ಹೃದಯದ ಗೆರೆ, ಬಿಪಿ, ನೀವು ಹೊರಬಿಡುವ ಪ್ರತಿ ಉಸಿರಿನ ಇಂಗಾಲದ ಡೈಆಕ್ಸೈಡ್, ಇವೆಲ್ಲ ಪರದೆಯ ಮೇಲೆ ಹರಿಯುತ್ತಿರುತ್ತವೆ, ಅದನ್ನು ನೋಡಲೆಂದೇ ತರಬೇತಿ ಪಡೆದವರೊಬ್ಬರು ಪಕ್ಕದಿಂದ ಕದಲುವುದಿಲ್ಲ. ಕೆಲಸ ಮುಗಿದ ಮೇಲೆ ಔಷಧಿ ನಿಲ್ಲಿಸುತ್ತೇವೆ, ಉಸಿರು ಮರಳುತ್ತದೆ, ಹೆಸರು ಹಿಡಿದು ಕರೆಯುತ್ತೇವೆ, ಕಣ್ಣು ಬಿಟ್ಟಾಗಲೇ ಗಂಟಲಿನ ಕೊಳವೆ ತೆಗೆಯುತ್ತೇವೆ. ನಿಮಗೆ ಸ್ಲೀಪ್ ಅಪ್ನಿಯಾ ಇರುವುದರಿಂದ, ಮಲಗಿದಾಗ ಮಾಸ್ಕಿನ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಕೊಟ್ಟಿದ್ದರೆ ಅದನ್ನು ಈಗ ಒಂದು ರಾತ್ರಿಯೂ ತಪ್ಪಿಸಬೇಡಿ, ಆಸ್ಪತ್ರೆಗೂ ಜೊತೆಯಲ್ಲಿ ಒಯ್ಯಿರಿ.

ಶಸ್ತ್ರಚಿಕಿತ್ಸೆಗೆ ಮುನ್ನ ಸುಮಾರು ಎರಡು ವಾರ ಕಟ್ಟುನಿಟ್ಟಿನ ಪಥ್ಯ ಹೇಳಿರುತ್ತಾರೆ. ಅದನ್ನು ಹಿಂಸೆಯೆಂದು ತಿಳಿಯಬೇಡಿ. ಕೊಬ್ಬು ತುಂಬಿ ಊದಿದ ಯಕೃತ್ತು ಹೊಟ್ಟೆಯ ಮೇಲೆ ಮುಚ್ಚಳದಂತೆ ಕುಳಿತಿರುತ್ತದೆ, ಈ ಪಥ್ಯದಿಂದ ಅದು ಕುಗ್ಗಿ ಸರ್ಜನ್ನರ ಕಣ್ಣಿಗೆ ದಾರಿ ಬಿಡುತ್ತದೆ.

ಈಗ ನಾನು ನಿಜವಾಗಿ ಕೇಳಬೇಕೆಂದಿದ್ದ ಪ್ರಶ್ನೆ. ನಿಮ್ಮ ತಂದೆ ಐದನೆಯ ದಿನ ತೀರಿಕೊಂಡರೆಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಸಾಗಿದ್ದೀರಿ. ಯಾವ ಕಾರಣದಿಂದ? ಮತ್ತು ಈ ವಿಷಯ ನಿಮ್ಮ ವೈದ್ಯರಿಗೆ ಗೊತ್ತಿದೆಯೇ?

ಬೆಳಗಿನ ಹಾದಿ (ರಾತ್ರಿ 11:55)

ನಿಮ್ಮ ಪ್ರಶ್ನೆಯನ್ನು ಮಧ್ಯಾಹ್ನವೇ ಓದಿದೆ. ಉತ್ತರ ಬರೆಯಲು ಇಷ್ಟು ಹೊತ್ತಾಯಿತು.

ಅವರಿಗೆ ಆಗ 58 ವರ್ಷ, ಸೊಂಟದ ಮೂಳೆಯ ಆಪರೇಷನ್ ಆಗಿತ್ತು. ಐದನೆಯ ದಿನ ಬೆಳಿಗ್ಗೆ ನಾನೇ ಪಕ್ಕದಲ್ಲಿದ್ದೆ. ತಲೆ ಬಾಚಿಕೊಂಡು ಮಂಚದ ಅಂಚಿನಲ್ಲಿ ಕುಳಿತಿದ್ದರು. ಹಿಂದಿನ ದಿನದಿಂದ ಎಡಗಾಲಿನ ಮೀನಖಂಡ ಬಿಗಿಯಾಗಿದೆ ಎನ್ನುತ್ತಿದ್ದರು, ನಾನು ಎಣ್ಣೆ ಹಚ್ಚಿ ಒತ್ತಿದ್ದೆ. ನೀರು ಕೇಳಿದರು. ಲೋಟ ಕೈಗೆ ಕೊಡುವಷ್ಟರಲ್ಲಿ "ಉಸಿರು ಸಾಲ್ತಾ ಇಲ್ಲ ಕಣೇ" ಎಂದರು. ಅಷ್ಟೇ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿತ್ತೆಂದು ಆಮೇಲೆ ಹೇಳಿದರು. ಅವರ ಅಕ್ಕನಿಗೂ ಹೆರಿಗೆಯ ನಂತರ ಕಾಲಿನಲ್ಲಿ ಹೆಪ್ಪಾಗಿತ್ತೆಂದು ಮನೆಯಲ್ಲಿ ಮಾತಿತ್ತು.

ನನ್ನ ವೈದ್ಯರಿಗೆ ಇದು ಗೊತ್ತಿಲ್ಲ. ಆಸ್ಪತ್ರೆಯ ಅರ್ಜಿಯಲ್ಲಿ, ಕುಟುಂಬದಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿತ್ತೇ ಎಂಬ ಪ್ರಶ್ನೆ ಇತ್ತು. ನಾನು ಆ ಜಾಗವನ್ನು ಖಾಲಿ ಬಿಟ್ಟೆ. ಬರೆದರೆ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ ಎನ್ನುತ್ತಾರೆಂದು ಹೆದರಿದೆ. ಇಷ್ಟು ವರ್ಷ ಕಾದು ಬಂದ ಅವಕಾಶ ಒಂದು ಸಾಲಿನಿಂದ ಕೈತಪ್ಪಬಾರದೆಂದುಕೊಂಡೆ. ಈಗ ಬರೆಯುತ್ತಿರುವಾಗ ಅನ್ನಿಸುತ್ತಿದೆ, ನಾನು ಹೆದರುತ್ತಿದ್ದದ್ದು ಮೇಜಿನ ಮೇಲಿನ ಸಾವಿಗೆ ಅಲ್ಲವೇ ಅಲ್ಲ, ನಾನು ಹೆದರುತ್ತಿದ್ದದ್ದು ಐದನೆಯ ದಿನಕ್ಕೆ.

ಅರಿವಳಿಕೆ ವಿಭಾಗದವನು (ಬೆಳಿಗ್ಗೆ 7:00)

ನಾಳೆಯವರೆಗೆ ಕಾಯಬೇಡಿ, ಇವತ್ತೇ ಆಸ್ಪತ್ರೆಗೆ ಕರೆ ಮಾಡಿ ಹೇಳಿ. ನೀವು ಮುಚ್ಚಿಟ್ಟದ್ದಕ್ಕೆ ಯಾರೂ ಗದರುವುದಿಲ್ಲ. ಭಯದಿಂದ ಹೀಗೆ ಖಾಲಿ ಬಿಡುವವರನ್ನು ನಾವು ಕಾಣುತ್ತಲೇ ಇರುತ್ತೇವೆ. ಆದರೆ ಖಾಲಿ ಬಿಟ್ಟ ಆ ಜಾಗವೇ ನಿಮ್ಮ ಕಡತದಲ್ಲಿ ಅತ್ಯಂತ ಮುಖ್ಯವಾದ ಜಾಗ.

ಈ ಶಸ್ತ್ರಚಿಕಿತ್ಸೆಯ ನಂತರ ಸಾವಿಗೆ ಮುಖ್ಯ ಕಾರಣಗಳೆಂದರೆ ಶ್ವಾಸಕೋಶಕ್ಕೆ ಹೋಗುವ ಹೆಪ್ಪು, ಸ್ಟೇಪಲ್ ಜಾಗದ ಸೋರಿಕೆ, ಹೃದಯದ ತೊಂದರೆ ಮತ್ತು ರಕ್ತಸ್ರಾವ. ಇವುಗಳಲ್ಲಿ ಹೆಪ್ಪನ್ನು ಮುಂಚಿತವಾಗಿ ತಡೆಯಲು ನಮ್ಮ ಕೈಯಲ್ಲಿ ಸಾಕಷ್ಟು ದಾರಿಗಳಿವೆ, ಆದರೆ ಯಾರಿಗೆ ಎಷ್ಟು ಬೇಕೆಂಬುದು ಗೊತ್ತಿರಬೇಕು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲೇ ಕಾಲಿಗೆ ಗಾಳಿ ತುಂಬಿ ಒತ್ತುವ ಪಟ್ಟಿ ಸುತ್ತುತ್ತಾರೆ, ಹೆಪಾರಿನ್ ಜಾತಿಯ ಇಂಜೆಕ್ಷನ್ ಕೊಡುತ್ತಾರೆ, ಎಚ್ಚರವಾದ ಕೆಲವೇ ಗಂಟೆಗಳಲ್ಲಿ ಎಬ್ಬಿಸಿ ನಡೆಸುತ್ತಾರೆ. ಹೆಪ್ಪಿನ ಅಪಾಯ ಆಸ್ಪತ್ರೆಯಿಂದ ಹೊರಬಂದ ಮೇಲೂ ಕೆಲವು ವಾರ ಇರುತ್ತದೆ, ಹೆಚ್ಚಿನ ಹೆಪ್ಪುಗಳು ಕಾಣಿಸಿಕೊಳ್ಳುವುದೂ ಮನೆಗೆ ಹೋದ ನಂತರವೇ. ಆದ್ದರಿಂದ ಅಪಾಯ ಹೆಚ್ಚಿರುವವರಿಗೆ ಇಂಜೆಕ್ಷನ್ ಅನ್ನು ಮನೆಯಲ್ಲೂ ಮುಂದುವರಿಸುತ್ತಾರೆ. ನಿಮ್ಮ ರಕ್ತಕ್ಕೆ ಹೆಪ್ಪುಗಟ್ಟುವ ಸ್ವಭಾವ ವಂಶದಿಂದ ಬಂದಿದೆಯೇ ಎಂದು ನೋಡುವ ಪರೀಕ್ಷೆಗಳೂ ಇವೆ. ಗರ್ಭನಿರೋಧಕ ಗುಳಿಗೆ ಅಥವಾ ಹಾರ್ಮೋನ್ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮರೆಯದೆ ಹೇಳಿ.

ಒಂದು ಮಾತು ಹೇಳಿ ನಿಲ್ಲಿಸುತ್ತೇನೆ. ಎಣ್ಣೆ ಹಚ್ಚಿ ಒತ್ತಿದ್ದೆ ಎಂದು ಬರೆದಿದ್ದೀರಿ. ಆ ಸಾಲನ್ನು ಯಾಕೆ ಬರೆದಿರೆಂದು ನನಗೆ ಗೊತ್ತಾಯಿತು. ಕಾಲು ಬಿಗಿದಿದೆ ಎಂದ ತಂದೆಗೆ ಮಗಳು ಮಾಡುವುದನ್ನೇ ನೀವು ಮಾಡಿದಿರಿ. ಕಾಲು ನೋಡಿ ಗುರುತಿಸಬೇಕಾಗಿದ್ದುದು ನಿಮ್ಮ ಕೆಲಸವಾಗಿರಲಿಲ್ಲ, ನಮ್ಮಂಥವರ ಕೆಲಸವಾಗಿತ್ತು.

ಎರಡು ಸಲ ಹಿಂದೆ ಬಂದವಳು (ಬೆಳಿಗ್ಗೆ 11:10)

ಎಲ್ಲರೂ ಶಸ್ತ್ರಚಿಕಿತ್ಸೆ ಆಗಿಯೇ ಆಗುತ್ತದೆ ಎಂಬಂತೆ ಬರೆಯುತ್ತಿದ್ದೀರಿ, ಆದ್ದರಿಂದ ನನ್ನ ಮಾತನ್ನೂ ಸೇರಿಸುತ್ತೇನೆ. ನಾನು ಎರಡು ಸಲ ದಿನ ಗೊತ್ತುಮಾಡಿ ಎರಡು ಸಲವೂ ರದ್ದುಮಾಡಿದವಳು. ಎರಡನೆಯ ಸಲ ಆಸ್ಪತ್ರೆಯ ನಿಲುವಂಗಿ ತೊಟ್ಟು, ಕೈಗೆ ಹೆಸರಿನ ಪಟ್ಟಿ ಕಟ್ಟಿಸಿಕೊಂಡ ಮೇಲೆ ಎದ್ದು ಬಂದೆ. ಮನೆಯವರು ಒಂದು ತಿಂಗಳು ಸರಿಯಾಗಿ ಮಾತನಾಡಲಿಲ್ಲ. ನನಗೆ ನಾಚಿಕೆಯಾಗಿತ್ತು, ಈಗ ಆಗುವುದಿಲ್ಲ.

ಭಯ ಒಂದು, ಇಷ್ಟವಿಲ್ಲದಿರುವುದು ಇನ್ನೊಂದು ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಮೊದಲ ಸಲ ನನಗೆ ನಿಜವಾಗಿ ಇಷ್ಟವಿರಲಿಲ್ಲ, ಬೇರೆಯವರ ಒತ್ತಾಯಕ್ಕೆ ಒಪ್ಪಿದ್ದೆ, ಅದನ್ನು ಬಾಯಿಬಿಟ್ಟು ಹೇಳಲಾಗದೆ ಸತ್ತೇಹೋಗುತ್ತೇನೆ ಎನ್ನುತ್ತಿದ್ದೆ. ಅದು ಸಾವಿನ ಮುನ್ಸೂಚನೆ ಎಂದೇ ನಂಬಿದ್ದೆ. ಮೂರನೆಯ ಸಲ ಅಷ್ಟೇ ಭಯವಿತ್ತು, ಕೈ ನಡುಗುತ್ತಿತ್ತು, ಆದರೆ ಯಾರಾದರೂ ಬಂದು ಇವತ್ತು ಬೇಡ ಎಂದಿದ್ದರೆ ನನಗೆ ದುಃಖವಾಗುತ್ತಿತ್ತು. ವ್ಯತ್ಯಾಸ ತಿಳಿದದ್ದು ಅದರಿಂದ. ನೀವು ಇದನ್ನೇ ಕೇಳಿಕೊಳ್ಳಿ: ನಾಳೆ ಬೆಳಿಗ್ಗೆ ಆಸ್ಪತ್ರೆಯವರು ರದ್ದಾಯಿತೆಂದು ಕರೆ ಮಾಡಿದರೆ, ಮೊದಲ ಹತ್ತು ನಿಮಿಷದ ನಿರಾಳದ ನಂತರ ನಿಮಗೆ ಏನನ್ನಿಸುತ್ತದೆ?

ಬೇಡವೆನ್ನಿಸಿದರೆ ಅದೂ ಸರಿಯಾದ ಉತ್ತರವೇ. ಈಗ ತೂಕ ಇಳಿಸುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್‌ನಂಥ ಔಷಧಿಗಳಿವೆ, ಅವುಗಳ ಬಗ್ಗೆ ವೈದ್ಯರೊಡನೆ ಮಾತನಾಡಬಹುದು. ದಿನ ಮುಂದೆ ಹಾಕಿದರೆ ಯಾರಿಗೂ ಮೋಸವಾಗುವುದಿಲ್ಲ.

ಆಪ್ತಸಮಾಲೋಚಕಿ (ಸಂಜೆ 5:30)

ಶಸ್ತ್ರಚಿಕಿತ್ಸೆಗೆ ಮುನ್ನ ಇಂಥ ಭಯದಲ್ಲಿರುವವರೊಡನೆ ಮಾತನಾಡುವುದು ನನ್ನ ದಿನದ ಕೆಲಸ. ಬೆಳಗಿನ ಹಾದಿಯವರೇ, ನೀವು ಭಯವನ್ನು ಓಡಿಸಲು ಹೋರಾಡುತ್ತಿದ್ದೀರಿ, ಅದಕ್ಕೇ ಅದು ರಾತ್ರಿ ಒಂದು ಗಂಟೆಗೆ ಬಂದು ಬಾಗಿಲು ಬಡಿಯುತ್ತಿದೆ. ಹಗಲಿನಲ್ಲೇ ಅದಕ್ಕೊಂದು ಹೊತ್ತು ಕೊಟ್ಟುಬಿಡಿ. ಸಂಜೆ ಅರ್ಧ ಗಂಟೆ ಕುಳಿತು, ಏನೇನಕ್ಕೆ ಹೆದರುತ್ತೀರೋ ಒಂದೊಂದಾಗಿ ಬರೆಯಿರಿ, ಪ್ರತಿಯೊಂದರ ಮುಂದೆ ಯಾರನ್ನು ಏನು ಕೇಳಬೇಕೆಂದು ಬರೆಯಿರಿ. ಉತ್ತರವೇ ಇಲ್ಲದ ಪ್ರಶ್ನೆಗಳೂ ಉಳಿಯುತ್ತವೆ, ಅವನ್ನೂ ಹಾಗೇ ಬಿಡಿ. ರಾತ್ರಿ ಎಚ್ಚರವಾದಾಗ "ಇದನ್ನು ಬರೆದಿಟ್ಟಿದ್ದೇನೆ, ನಾಳೆ ಸಂಜೆ ನೋಡುತ್ತೇನೆ" ಎಂದು ಹೇಳಿಕೊಂಡು, ಉಸಿರನ್ನು ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುತ್ತ ಮಲಗಿ. ಮೊದಲ ಎರಡು ಮೂರು ರಾತ್ರಿ ಇದು ಕೆಲಸಕ್ಕೆ ಬಾರದು ಎಂದೇ ಅನ್ನಿಸುತ್ತದೆ, ಆದರೂ ಬಿಡಬೇಡಿ.

ಪತ್ರ ಬರೆದಿಟ್ಟದ್ದನ್ನು ಅಪಶಕುನವೆಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಹೇಳಬೇಕಾದ ಮಾತನ್ನು ಹೇಳಿಟ್ಟ ಮೇಲೆ ಮನಸ್ಸು ಹಗುರಾಗುವುದನ್ನು ನಾನು ಬಹಳ ಜನರಲ್ಲಿ ನೋಡಿದ್ದೇನೆ. ಮಗಳಿಗೂ ಉತ್ತರ ಕೊಡಿ, ಸುಳ್ಳಲ್ಲದ ಉತ್ತರ: "ಡಾಕ್ಟರು ಮೂರು ದಿನ ಅಂದಿದ್ದಾರೆ, ಒಂದೆರಡು ದಿನ ಹೆಚ್ಚಾದರೆ ಅಪ್ಪ ನಿನಗೆ ಹೇಳ್ತಾರೆ." ಮಕ್ಕಳಿಗೆ ಇಷ್ಟು ಸಾಕಾಗುತ್ತದೆ.

ಒಂದು ಎಚ್ಚರಿಕೆ. ನಿದ್ರೆ ಬರುತ್ತಿಲ್ಲವೆಂದು ಮನೆಯಲ್ಲಿರುವ ಯಾರದೋ ನಿದ್ರೆ ಗುಳಿಗೆ ನುಂಗಬೇಡಿ. ಸ್ಲೀಪ್ ಅಪ್ನಿಯಾ ಇರುವವರಿಗೆ ಅದು ಅಪಾಯ. ಆತಂಕಕ್ಕೆ ಔಷಧಿ ಬೇಕಿದ್ದರೆ ವೈದ್ಯರನ್ನೇ ಕೇಳಿ, ಕೇಳಲು ಸಂಕೋಚ ಬೇಡ.

ಇನ್ನೊಂದು ವಿಷಯವನ್ನು ಜನ ಮಾತನಾಡುವುದಿಲ್ಲ. ಅಮೆರಿಕದ ಯೂಟಾದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗ್ಯಾಸ್ಟ್ರಿಕ್ ಬೈಪಾಸ್ (ತೂಕ ಇಳಿಸುವ ಇನ್ನೊಂದು ಬಗೆಯ ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡವರ ಒಟ್ಟು ಸಾವಿನ ಪ್ರಮಾಣ ಶೇ 40ರಷ್ಟು ಕಡಿಮೆಯಾಗಿತ್ತು, ಆದರೆ ಕಾಯಿಲೆಯಲ್ಲದ ಕಾರಣಗಳಿಂದ, ಅಂದರೆ ಅಪಘಾತ, ಆತ್ಮಹತ್ಯೆಯಂಥವುಗಳಿಂದ ಆದ ಸಾವು ಹೆಚ್ಚಾಗಿತ್ತು. ಹಾಗಾಗಿ ಮನಸ್ಸಿನ ಆರೈಕೆ ಶಸ್ತ್ರಚಿಕಿತ್ಸೆಯ ದಿನಕ್ಕೆ ಮುಗಿಯಬಾರದು. ತೂಕ ಇಳಿದ ನಂತರದ ತಿಂಗಳುಗಳಲ್ಲೂ ಯಾರೊಡನಾದರೂ ಮಾತನಾಡುತ್ತಿರಿ.

ಜೊತೆಗಾರ (ರಾತ್ರಿ 9:15)

ನಾನು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವನಲ್ಲ, ಮಾಡಿಸಿಕೊಂಡವಳ ಗಂಡ. ನಿಮ್ಮ ಮನೆಯವರಿಗೆ ಒಂದು ಮಾತು ತಲುಪಿಸಿ. ನನ್ನ ಹೆಂಡತಿ ಭಯವೆಂದಾಗಲೆಲ್ಲ ನಾನು "ಏನೂ ಆಗಲ್ಲ" ಎನ್ನುತ್ತಿದ್ದೆ. ನನಗೆ ಅವಳಿಗಿಂತ ಹೆಚ್ಚು ಭಯವಿತ್ತು, ಅದನ್ನು ಮುಚ್ಚಲು ಹಾಗೆ ಹೇಳುತ್ತಿದ್ದೆ. ಒಂದು ರಾತ್ರಿ ತಡೆಯಲಾಗದೆ "ನನಗೂ ಭಯ ಕಣೇ" ಎಂದೆ. ಅವಳು ಎದ್ದು ಕುಳಿತು ನನ್ನ ಕೈ ಹಿಡಿದುಕೊಂಡಳು. ಆ ರಾತ್ರಿ ಇಬ್ಬರೂ ನಿದ್ರೆ ಮಾಡಿದೆವು.

ಬೆಳಗಿನ ಹಾದಿ (ನಾಲ್ಕು ದಿನಗಳ ನಂತರ, ಸಂಜೆ 6:40)

ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ. ಅಂದೇ ಆಸ್ಪತ್ರೆಗೆ ಕರೆ ಮಾಡಿದೆ, ಮರುದಿನ ಬರಲು ಹೇಳಿದರು. ನನ್ನ ಅರಿವಳಿಕೆ ವೈದ್ಯರ ಮುಂದೆ ತಂದೆಯ ವಿಷಯವನ್ನು, ಅತ್ತೆಯ ಹೆಪ್ಪಿನ ವಿಷಯವನ್ನು, ನಾನು ಖಾಲಿ ಬಿಟ್ಟ ಜಾಗದ ವಿಷಯವನ್ನು ಎಲ್ಲವನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಆಮೇಲೆ ಅದೇ ಅರ್ಜಿಯನ್ನು ತೆರೆದು ನನ್ನ ಮುಂದೆಯೇ ಆ ಜಾಗವನ್ನು ತುಂಬಿದರು.

ಶಸ್ತ್ರಚಿಕಿತ್ಸೆಯನ್ನು ಎರಡು ವಾರ ಮುಂದೆ ಹಾಕಿದ್ದಾರೆ. ರಕ್ತರೋಗ ತಜ್ಞರಿಗೆ ತೋರಿಸಿದರು, ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದೇನೆ. ಫಲಿತಾಂಶ ಏನೇ ಬಂದರೂ ಮನೆಗೆ ಬಂದ ಮೇಲೆ ನಾಲ್ಕು ವಾರ ಇಂಜೆಕ್ಷನ್ ತೆಗೆದುಕೊಳ್ಳಬೇಕು, ಅದನ್ನು ನಾನೇ ಚುಚ್ಚಿಕೊಳ್ಳಲು ನರ್ಸ್ ಕಲಿಸಿಕೊಟ್ಟರು.

ಎರಡು ಸಲ ಹಿಂದೆ ಬಂದವರೇ, ನಿಮ್ಮ ಪ್ರಶ್ನೆಗೆ ಉತ್ತರ ತಾನಾಗಿ ಸಿಕ್ಕಿತು. ಮುಂದೆ ಹಾಕಿದ್ದೇವೆ ಎಂದು ಅವರು ಹೇಳಿದಾಗ ನನಗೆ ಅಳು ಬಂತು. ನಿರಾಳಕ್ಕೆ ಬಂದ ಅಳುವಲ್ಲ, ಇನ್ನೂ ಎರಡು ವಾರ ಕಾಯಬೇಕಲ್ಲ ಎಂಬ ಅಳು.

ಭಯ ಹೋಗಿದೆ ಎಂದರೆ ಸುಳ್ಳಾಗುತ್ತದೆ. ನಿನ್ನೆಯೂ ಎರಡು ಗಂಟೆಗೆ ಎಚ್ಚರವಾಯಿತು. ಆದರೆ ಇಷ್ಟು ದಿನ ಅದು ನನ್ನೊಳಗೆ ಇಟ್ಟುಕೊಂಡಿದ್ದ ಗುಟ್ಟಾಗಿತ್ತು, ಈಗ ನಾಲ್ಕು ಜನ ವೈದ್ಯರ ಕಡತದಲ್ಲಿದೆ. ನಾನೊಬ್ಬಳೇ ಕಾವಲು ಕುಳಿತಿಲ್ಲ.

ನಿಧಾನದ ನಡಿಗೆ (ರಾತ್ರಿ 8:00)

ಓದಿ ಕಣ್ಣು ತುಂಬಿತು. ಒಂದು ಸಣ್ಣ ವಿಷಯ: ಎಚ್ಚರವಾದ ಕೂಡಲೇ ಭುಜದಲ್ಲಿ, ಪಕ್ಕೆಲುಬಿನ ಕೆಳಗೆ ಗ್ಯಾಸಿನ ನೋವು ಇರುತ್ತದೆ. ಅದು ಬಹುತೇಕ ಎಲ್ಲರಿಗೂ ಬರುತ್ತದೆ, ನಡೆದಂತೆ ಕಡಿಮೆಯಾಗುತ್ತದೆ. ದಿನದಿಂದ ದಿನಕ್ಕೆ ಇಳಿಯುವ ನೋವು ಬೇರೆ, ಮೇಲೆ ಅಣ್ಣನವರು ಹೇಳಿದ ಏರುವ ನೋವು ಬೇರೆ. ಅನುಮಾನ ಬಂದರೆ ನೀವೇ ತೀರ್ಮಾನಿಸದೆ ಕೇಳಿಬಿಡಿ.

ಬೆಳಗಿನ ಹಾದಿ (ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ, 9:30)

ನಾಳೆ ಬೆಳಿಗ್ಗೆ ಏಳು ಗಂಟೆಗೆ. ಕೈಗೆ ಹೆಸರಿನ ಪಟ್ಟಿ ಕಟ್ಟಿದ್ದಾರೆ. ಸಿಪ್ಯಾಪ್ ಯಂತ್ರ ಪಕ್ಕದಲ್ಲಿದೆ. ಮಗಳಿಗೆ ಆ ಉತ್ತರ ಹೇಳಿ ಬಂದೆ. ಅವಳು "ಸರಿ, ನಾನು ಬೆರಳಲ್ಲಿ ಎಣಿಸ್ತೀನಿ" ಎಂದಳು. ನನ್ನ ಯಜಮಾನರಿಗೆ ಜೊತೆಗಾರರ ಮಾತನ್ನು ಓದಿಸಿದೆ. ಅವರು ಏನೂ ಹೇಳಲಿಲ್ಲ, ಆದರೆ ಈಗ ಮನೆಗೆ ಹೋಗದೆ ಹೊರಗಿನ ಬೆಂಚಿನಲ್ಲೇ ಕುಳಿತಿದ್ದಾರೆ.

ತಂಗಿಯ ಅಣ್ಣ (ರಾತ್ರಿ 9:45)

ನಾಳೆ ಬೆಳಿಗ್ಗೆ ಏಳಕ್ಕೆ ನಾನೂ ಎದ್ದಿರುತ್ತೇನೆ, ತಾಯಿ.

ಬೆಳಗಿನ ಹಾದಿ (ಶಸ್ತ್ರಚಿಕಿತ್ಸೆಯ ಐದನೆಯ ದಿನ, ಬೆಳಿಗ್ಗೆ 8:10)

ಮನೆಯಲ್ಲಿದ್ದೇನೆ. ಹೆಚ್ಚು ಬರೆಯುವ ಶಕ್ತಿಯಿಲ್ಲ. ಎಚ್ಚರವಾದಾಗ ಮೊದಲು ಕೇಳಿಸಿದ್ದು ನನ್ನ ಹೆಸರು, ಅವರು ಹೇಳಿದಂತೆಯೇ. ಅಂದು ಸಂಜೆಯೇ ನರ್ಸ್ ಎಬ್ಬಿಸಿ ನಡೆಸಿದರು, ಮಂಚದಿಂದ ಬಾಗಿಲಿಗೆ ಹನ್ನೆರಡು ಹೆಜ್ಜೆ. ಈಗ ಪುಟ್ಟ ಅಳತೆ ಲೋಟದಲ್ಲಿ 30 ಮಿಲೀ ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಿದ್ದೇನೆ, ಅದು ಮುಗಿಯಲು ಕಾಲು ಗಂಟೆ ಬೇಕಾಗುತ್ತದೆ. ಹೊಟ್ಟೆಯ ಮೇಲೆ ಐದು ಸಣ್ಣ ಪಟ್ಟಿಗಳಿವೆ. ಇಂಜೆಕ್ಷನ್ ನಾನೇ ಚುಚ್ಚಿಕೊಂಡೆ.

ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಗಿತ್ತು. ಐದನೆಯ ದಿನವೆಂದು ಮೈಗೇ ಗೊತ್ತಿತ್ತೇನೋ. ದೀಪ ಹಾಕಿ ಎರಡೂ ಮೀನಖಂಡಗಳನ್ನು ಮುಟ್ಟಿ ನೋಡಿದೆ, ಮೆತ್ತಗಿದ್ದವು. ಯಜಮಾನರನ್ನು ಎಬ್ಬಿಸಿ ಇಬ್ಬರೂ ಮನೆಯೊಳಗೇ ಹತ್ತು ನಿಮಿಷ ನಡೆದೆವು. ಬೆರಳಿಗೆ ಹಾಕುವ ಯಂತ್ರದಲ್ಲಿ ನಾಡಿ 84 ತೋರಿಸಿತು.

ತಂಗಿಯ ಅಣ್ಣ (ಬೆಳಿಗ್ಗೆ 8:25)

ಸಂಜೆ ಇನ್ನೊಮ್ಮೆ ನೋಡಿ ಬರೆಯಿರಿ.

ಬೆಳಗಿನ ಹಾದಿ (ಸಂಜೆ 7:05)

ಈಗ ನೋಡಿದೆ ಅಣ್ಣಾ. 82.